ಬೆಂಚುಗಳಿಗೆ ಸಿಕ್ಕ ಪ್ರಶಂಸಾ ಪತ್ರ

ಮಾನ್ಯ ಶಿಕ್ಷಣಾಧಿಕಾರಿಗಳೇ,

ತಾವು ನಮ್ಮ ಶಾಲೆಗೆ ಕಳಿಸಿದ ಪ್ರಶಂಸಾ ಪತ್ರ ಮೊನ್ನೆ ಮಂಗಳವಾರ ತಲುಪಿತು. ದಯವಿಟ್ಟು ಅದನ್ನು ವಾಪಸು ತೆಗೆದುಕೊಳ್ಳಿ. ಊರಿನ ಮಕ್ಕಳೆಲ್ಲ ಫ್ಲೂ ಜ್ವರದಲ್ಲಿ ನರಳುತ್ತಿದ್ದ ವಾರದಲ್ಲೂ ಶೇಕಡಾ ತೊಂಬತ್ತಾರು ಹಾಜರಿ ಕಾಯ್ದುಕೊಂಡೆವೆಂದು ತಾವು ನಮ್ಮನ್ನು ಹೊಗಳಿದ್ದೀರಿ. ‘ಈ ಯೋಜನೆ ರೂಪಿಸಿದ ಗಣಿತ ಶಿಕ್ಷಕರು’ ಬರುವ ಸೋಮವಾರ ತಮ್ಮ ಸಭಾಂಗಣಕ್ಕೆ ಬಂದು ಅರವತ್ತು ಶಾಲೆಗಳ ಮುಖ್ಯಸ್ಥರಿಗೆ ಅದನ್ನು ವಿವರಿಸಬೇಕೆಂದು ಅಪ್ಪಣೆಯನ್ನೂ ಕೊಡಿಸಿದ್ದೀರಿ. ಆ ಗಣಿತ ಶಿಕ್ಷಕ ನಾನೇ. ಯೋಜನೆಯೂ ನನ್ನದೇ. ಆ ಯೋಜನೆಯ ಪ್ರಕಾರ ಬೆಂಚು ತುಂಬಲು ಹೋದವರಲ್ಲಿ ಒಬ್ಬಳಾದ ನನ್ನ ತಂಗಿಯ ಮಗಳು, ಎಂಟು ವರ್ಷದವಳು, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮಲಗಿ ಇವತ್ತಿಗೆ ಹದಿಮೂರು ದಿನ. ತಮ್ಮ ಕಚೇರಿಗೆ ಬರೆದರೆ ಈ ಕಾಗದಕ್ಕೆ ಮೊಹರು ಬೀಳುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇನ್ನು ಅರವತ್ತು ಶಾಲೆಗಳು ನಮ್ಮಂತೆ ಮಾಡುವ ಮೊದಲು ತಾವು ಇದನ್ನು ಓದಬೇಕು.

ಮೊದಲು ತಮ್ಮ ಸುತ್ತೋಲೆಯ ವಿಷಯ. ಜ್ವರ ಕಾಣಿಸಿಕೊಂಡ ವಾರವೇ ಅದು ಬಂತು; ವೇಗಕ್ಕೆ ಶಹಬ್ಬಾಸ್ ಅನ್ನಲೇಬೇಕು. ಯಾವುದೇ ತರಗತಿಯ ಹಾಜರಿ ಅರ್ಧಕ್ಕಿಂತ ಕೆಳಗಿಳಿದಲ್ಲಿ ಸದರಿ ತರಗತಿಗೆ ಐದು ದಿನ ರಜೆ ಕೊಡತಕ್ಕದ್ದು. ಹಾಗೆ ರಜೆ ಕೊಟ್ಟ ಮುಖ್ಯಸ್ಥರು ಕಾರಣವನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು. ಕಳೆದುಹೋದ ದಿನಗಳನ್ನು ಬೇಸಿಗೆ ರಜೆಯಲ್ಲಿ ತುಂಬಿಕೊಡತಕ್ಕದ್ದು. ತಕ್ಕದ್ದು ಮೂರಿವೆ, ತಕ್ಕ ಮದ್ದು ಒಂದೂ ಇಲ್ಲ. ಕಾರಣ ಕೊಡಿ ಅಂದರೆ ಏನರ್ಥ ಸ್ವಾಮಿ? ಮಕ್ಕಳಿಗೆ ಜ್ವರ ಬಂದದ್ದಕ್ಕೆ ನಮ್ಮ ಮುಖ್ಯೋಪಾಧ್ಯಾಯಿನಿ ಕಾರಣ ಕೊಡಬೇಕೆ? ವೈರಾಣುವಿನ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕೆ? ಎರಡು ವರ್ಷದ ಹಿಂದೆ ಒಮ್ಮೆ ಅವರು ಕಣ್ಣುಬೇನೆಗೆಂದು ಎರಡು ತರಗತಿ ಮುಚ್ಚಿದ್ದರು. ಅದರ ವಿವರಣೆ ಬರೆಯುವುದರಲ್ಲೇ ಅವರಿಗೆ ಶಾಲೆಯ ಅರ್ಧ ವರ್ಷ ಕಳೆದುಹೋಯಿತು. ಮೂರನೆಯ ಸಲದ ವಿವರಣೆ ‘ತೃಪ್ತಿಕರವಾಗಿಲ್ಲ’ ಎಂದು ಹಿಂದಿರುಗಿದ ದಿನ ಅವರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಅವರು ಕೆಟ್ಟವರಲ್ಲ. ಹೆದರಿದವರು.

ಇನ್ನು ತಮ್ಮ ನಮೂನೆ. ದಿನವೂ ಬೆಳಗ್ಗೆ ಹತ್ತೂವರೆಯೊಳಗೆ ಹಾಜರಿಯನ್ನು ಕಂಪ್ಯೂಟರಿನಲ್ಲಿ ತುಂಬಿ ತಮಗೆ ಕಳಿಸಬೇಕಿತ್ತು. ತಮ್ಮಲ್ಲಿ ನಮೂನೆ ನಮೂನೆಯ ನಮೂನೆಗಳಿದ್ದರೂ ಜ್ವರಕ್ಕೆಂದೇ ಒಂದು ಹೊಸದು ಮಾಡಲು ಪುರಸೊತ್ತಾಗಲಿಲ್ಲವೆಂದು ಕಾಣುತ್ತದೆ. ಹಿಂದೆ ಶಾಲೆಗಳಲ್ಲಿ ಬೆಂಚು ಸಾಲುತ್ತಿಲ್ಲವೆಂದು ದೂರು ಬಂದಾಗ ಮಾಡಿದ್ದ ಹಳೆಯದಕ್ಕೇ ತಲೆಬರಹ ಬದಲಿಸಿ ಕಳಿಸಿದಿರಿ. ಅದರಲ್ಲಿ ಇರುವುದು ಮೂರೇ ಮನೆ: ಕೊಠಡಿಯ ಸಂಖ್ಯೆ, ಅಲ್ಲಿರುವ ಆಸನಗಳು, ಕೂತಿರುವ ಮಕ್ಕಳು. ಮೂವತ್ತು ಆಸನದಲ್ಲಿ ಹದಿನೈದಕ್ಕಿಂತ ಕಡಿಮೆ ಮಕ್ಕಳಿದ್ದರೆ ಆ ಸಾಲು ಕೆಂಪಗಾಗುತ್ತದೆ. ಖಾಲಿ ಕೊಠಡಿಯನ್ನು ಬರೆಯುವಂತೆಯೇ ಇಲ್ಲ. ಸೊನ್ನೆ ಹಾಕಿದರೆ ಕಂಪ್ಯೂಟರು ‘ತಪ್ಪು ಮಾಹಿತಿ’ ಎಂದು ಗದರುತ್ತದೆ. ಆಸನಕ್ಕೊಂದು ಮನೆ ಕೊಟ್ಟಿರಿ, ಶ್ವಾಸಕ್ಕೆ ಕೊಡಲಿಲ್ಲ. ಮನೆಯಲ್ಲಿ ಮಲಗಿರುವ ಮಗುವಿಗೆ ತಮ್ಮ ನಮೂನೆಯಲ್ಲಿ ಮಲಗಲೂ ಜಾಗವಿಲ್ಲ.

ಇವತ್ತಿಗೆ ಹದಿನೇಳು ದಿನದ ಹಿಂದೆ, ಸೋಮವಾರ ಬೆಳಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಮುಖ್ಯೋಪಾಧ್ಯಾಯಿನಿ ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿಕೊಂಡು ಬಂದರು. ಗಂಟಲು ಕಟ್ಟಿತ್ತು.

“ಮೇಷ್ಟ್ರೇ, ಆರು ಕ್ಲಾಸು ಅರ್ಧಕ್ಕಿಂತ ಕೆಳಗೆ ಹೋಗಿವೆ. ಮುಚ್ಚಬೇಕಾಗತ್ತೆ. ಮುಚ್ಚಿದ್ರೆ ಆಮೇಲೆ ಬರೀಬೇಕಲ್ಲ ವಿವರಣೆ, ಅದನ್ನ ನೆನೆಸ್ಕೊಂಡ್ರೇ ನಂಗೆ ಇನ್ನೊಂದು ಡಿಗ್ರಿ ಏರತ್ತೆ.”

“ಮುಚ್ಚೋದ್ಯಾಕೆ ಮೇಡಂ? ಬೆಂಚು ತುಂಬಿಸಿ. ಅವರು ಕೇಳಿರೋದು ಬೆಂಚಿನ ಲೆಕ್ಕ, ಮಕ್ಕಳದ್ದಲ್ಲ. ಎರಡು ಅರ್ಧ ಸೇರಿಸಿದ್ರೆ ಒಂದು ಪೂರ್ತಿ. ಎರಡನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ” ಅಂದೆ ನಾನು.

“ಬೆಂಚಿಗಂತೂ ನೆಗಡಿ ಆಗಲ್ಲ ಬಿಡಿ ಸಾರ್” ಅಂದರು ಆಟದ ಮೇಷ್ಟ್ರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಿಸುವುದು ನನ್ನ ಚಾಳಿ. ಕಾಲೇಜಿನಲ್ಲಿ ಅದಕ್ಕೆ ಬಹುಮಾನ ಕೊಟ್ಟು ಹಾಳು ಮಾಡಿದರು. ನಗದೆ ಉಳಿದವರು ಮುಖ್ಯೋಪಾಧ್ಯಾಯಿನಿ ಒಬ್ಬರೇ. ಅವರು ಶಾಲನ್ನು ಬಾಯಿಂದ ಸರಿಸಿ ಕೇಳಿದರು: “ಹಾಗೆ ಮಾಡಬಹುದಾ, ಮೇಷ್ಟ್ರೇ?”

ಅದು ತಮಾಷೆ ಮೇಡಂ ಎಂದು ಹೇಳಲು ನನಗೆ ಒಂದು ಕ್ಷಣ ಸಮಯವಿತ್ತು. ಹೇಳಲಿಲ್ಲ. ಬದಲಿಗೆ ಬಿಳಿ ಹಾಳೆ ತೆಗೆದೆ. ನಮ್ಮ ಶಾಲೆಯ ವೇಳಾಪಟ್ಟಿ, ರಜೆ ಹಾಕಿದ ಶಿಕ್ಷಕರ ಬದಲಿ ಪಟ್ಟಿ ಎಲ್ಲ ಮಾಡುವವನು ನಾನು. ಶಿಕ್ಷಕರಲ್ಲೂ ಐವರು ಮಲಗಿದ್ದರು. ಸೇರಿಸಿದರೆ ಆ ತೊಂದರೆಯೂ ತೀರುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಕೊಠಡಿಗಳ ಶಾಲೆಯನ್ನು ಎಂಟು ಕೊಠಡಿಗೆ ಇಳಿಸಿದೆ. ಅಂಕಿಗಳು ಅಷ್ಟು ಚೆನ್ನಾಗಿ ಹೊಂದಿಕೊಂಡವೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.

ಮೂರನೇ ತರಗತಿಯ ಬಿ ವಿಭಾಗದಲ್ಲಿ ಆ ದಿನ ಮೂವತ್ತರಲ್ಲಿ ಹನ್ನೆರಡು ಮಕ್ಕಳಿದ್ದರು. ಅವರ ಟೀಚರ್ ನಮ್ಮಲ್ಲೆಲ್ಲ ಚಿಕ್ಕವರು, ಸೇರಿ ಎರಡು ವರ್ಷ. ಅವರಿಗೆ ತಮ್ಮ ಸುತ್ತೋಲೆ ಅರ್ಥವಾಗಿರಲಿಲ್ಲವೋ ಏನೋ, ತಮಗೆ ತೋಚಿದ್ದನ್ನು ಮಾಡಿಕೊಂಡಿದ್ದರು. ಬೆಂಚಿಗೊಂದು ಮಗು. ಆರು ಕಿಟಕಿಯೂ ತೆರೆದು, ಬಡಿದುಕೊಳ್ಳದಂತೆ ಹಗ್ಗ ಕಟ್ಟಿದ್ದರು. ಕೆಮ್ಮು, ಮೈಬಿಸಿ ಇದ್ದ ಮಗುವನ್ನು ವರಾಂಡದ ಕುರ್ಚಿಯಲ್ಲಿ ಕೂರಿಸಿ, ಮನೆಯವರಿಗೆ ತಾವೇ ಫೋನು ಮಾಡಿ, ಅವರು ಬರುವ ತನಕ ಕಣ್ಣಳತೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಾರದ ಮಕ್ಕಳ ಮನೆಗಳಿಗೆ ಮಧ್ಯಾಹ್ನದ ಬಿಡುವಿನಲ್ಲಿ ಫೋನು: “ಜ್ವರ ಬಿಟ್ಟು ಒಂದು ದಿನ ಪೂರ್ತಿ ಆಗ್ಲಿ ಅಮ್ಮಾ, ಆಮೇಲೆ ಕಳ್ಸಿ. ಔಷಧಿ ಕೊಟ್ಟು ಇಳಿಸಿ ಕಳಿಸ್ಬೇಡಿ. ಪಾಠ ಎಲ್ಲೂ ಓಡಿಹೋಗಲ್ಲ.” ಹಿಂದಿನ ನಾಲ್ಕು ದಿನಗಳಿಂದ ಆ ಹನ್ನೆರಡರಲ್ಲಿ ಒಬ್ಬರಿಗೂ ಹೊಸದಾಗಿ ಜ್ವರ ಬಂದಿರಲಿಲ್ಲ.

ಫ್ಲೂ ಬಂದಾಗ ಶಾಲೆ ಏನು ಮಾಡಬೇಕು ಎಂದು ತಾವು ತಜ್ಞರ ಸಮಿತಿ ನೇಮಿಸುವುದಿದ್ದರೆ ಅದರ ವರದಿ ಆ ಕೊಠಡಿಯಲ್ಲಿ ಆಗಲೇ ಸಿದ್ಧವಾಗಿತ್ತು. ನಾನು ಅದನ್ನು ಖಾಲಿ ಮಾಡಿಸಿದೆ.

“ಸಾರ್, ನನ್ನ ಮಕ್ಕಳು ಇಲ್ಲೇ ಇರ್ಲಿ” ಅಂದರು ಅವರು, ಬಾಗಿಲಲ್ಲಿ ನಿಂತು. “ಎ ಸೆಕ್ಷನ್‌ನಲ್ಲಿ ಐದು ಜನ ಕೆಮ್ಮುತ್ತಿದ್ದಾರೆ. ನಾನೇ ಕೇಳಿಸ್ಕೊಂಡೆ.”

“ಟೀಚರ್, ಕೂಡಿಸೋದು ಗಣಿತದವನ ಕೆಲಸ. ಕೂತ್ಕೊಳ್ಳೋದು ಮಕ್ಕಳ ಕೆಲಸ. ನೀವ್ಯಾಕೆ ನಿಂತಿದ್ದೀರಿ?”

ಈ ಮಾತಿಗೂ ವರಾಂಡದಲ್ಲಿ ಯಾರೋ ನಕ್ಕರು. ಹನ್ನೆರಡು ಮಕ್ಕಳು ಚೀಲ ಎತ್ತಿಕೊಂಡು ಎ ವಿಭಾಗದ ಹದಿನಾರು ಮಕ್ಕಳ ನಡುವೆ ಹೋಗಿ ಕೂತರು. ಒಂದು ಬೆಂಚಿಗೆ ಇಬ್ಬರು, ಮೊಣಕೈಗೆ ಮೊಣಕೈ. ಆ ಕೊಠಡಿಯ ಕಿಟಕಿಗಳು ರಸ್ತೆಗೆ ಮುಖ ಮಾಡಿವೆ. ಧೂಳು, ಹಾರನ್ನು ಎಂದು ಅವುಗಳನ್ನು ಯಾವತ್ತೋ ಮೊಳೆ ಹೊಡೆದು ಮುಚ್ಚಿದ್ದೇವೆ. ಮೂವತ್ತು ಆಸನಕ್ಕೆ ಇಪ್ಪತ್ತೆಂಟು ಮಕ್ಕಳು. ತಮ್ಮ ಕಂಪ್ಯೂಟರಿನಲ್ಲಿ ಆ ಸಾಲು ಹಸಿರು ಬಣ್ಣಕ್ಕೆ ತಿರುಗಿತು.

ಬುಧವಾರ ನಮ್ಮ ಶಾಲೆಯ ಅತ್ಯಂತ ಕೆಟ್ಟ ದಿನ. ನಾನೂರ ಇಪ್ಪತ್ತು ಮಕ್ಕಳಲ್ಲಿ ಬಂದವರು ಇನ್ನೂರ ಮೂವತ್ತು. ಆದರೆ ಎಂಟೇ ಕೊಠಡಿ, ಇನ್ನೂರ ನಲವತ್ತೇ ಆಸನ. ಭಾಗಿಸಿ ನೋಡಿ, ಶೇಕಡಾ ತೊಂಬತ್ತಾರು. ಎಲ್ಲರೂ ಆರೋಗ್ಯವಾಗಿರುವ ಕಾಲದಲ್ಲಿ ನಮ್ಮ ಹಾಜರಿ ತೊಂಬತ್ತೆರಡನ್ನು ದಾಟಿದ್ದಿಲ್ಲ. ಜ್ವರ ಬಂದ ಮೇಲೆ ನಾವು ಉತ್ತಮರಾದೆವು. ನೂರ ತೊಂಬತ್ತು ಮಕ್ಕಳು ಕಾಣೆಯಾದ ದಿನವೇ ತಮಗೆ ನಮ್ಮ ಶಾಲೆ ಕಣ್ಣಿಗೆ ಬಿತ್ತು. ಆ ಅಂಕಿಯನ್ನು ನೋಡಿ ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ, ಒಬ್ಬರೇ ಒಬ್ಬರಿಗಾದರೂ, ಇದು ಹೇಗೆ ಸಾಧ್ಯ ಎಂದು ಅನ್ನಿಸಲಿಲ್ಲವೆ? ಪಕ್ಕದ ಔಷಧಿ ಅಂಗಡಿಯ ಮುಂದಿನ ಸಾಲು ತಮ್ಮ ಕಿಟಕಿಯಿಂದ ಕಾಣುವುದಿಲ್ಲವೆ?

ಈಗ ನನ್ನ ತಂಗಿಯ ಮಗಳ ವಿಷಯ. ಅವಳನ್ನು ನಾವು ಪಿಟೀಲು ಎನ್ನುತ್ತೇವೆ. ಹೆಸರಿಟ್ಟವನು ನಾನೇ. ಹುಟ್ಟಿದಾಗಿನಿಂದ ಚಳಿಗಾಲದಲ್ಲಿ ಅವಳ ಎದೆಯೊಳಗೆ ಸಣ್ಣಗೆ ಕುಯ್ಯೆನ್ನುವ ಸದ್ದು. ಅವಳ ಅಪ್ಪ ತೀರಿಕೊಂಡ ಮೇಲೆ ತಾಯಿ ಮಗಳು ನಮ್ಮ ಮನೆಯ ಹಿಂದಿನ ಬೀದಿಯಲ್ಲಿದ್ದಾರೆ. ತಂಗಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ತೋಳು ಹೊಲಿಯುತ್ತಾಳೆ. ಬರೀ ತೋಳು, ಹತ್ತು ವರ್ಷದಿಂದ. ಒಂದು ದಿನ ತಪ್ಪಿಸಿದರೆ ಆ ಯಂತ್ರದ ಮುಂದೆ ಇನ್ನೊಬ್ಬಳು ಕೂತಿರುತ್ತಾಳೆ. ಆ ಸೋಮವಾರ ಬೆಳಗ್ಗೆ ಏಳೂವರೆಗೆ ಅವಳು ಫೋನು ಮಾಡಿದ್ದಳು.

“ಅಣ್ಣಾ, ಇವತ್ತು ಕಳಿಸ್ಲಾ ಬೇಡ್ವಾ? ಎಲ್ಲಾ ಕಡೆ ಜ್ವರ ಅಂತಾರೆ. ನಮ್ಮದರ ಎದೆ ನಿಂಗೆ ಗೊತ್ತಲ್ಲ.”

“ಕಳ್ಸೇ. ಕೆಮ್ಮೋರೆಲ್ಲ ಮನೇಲಿ ಮಲಗಿದ್ದಾರೆ. ಅವಳ ಕ್ಲಾಸಲ್ಲಿ ಬೆಂಚಿಗೊಂದು ಮಗು, ರಾಜಕುಮಾರಿ ಥರ ಕೂತಿರ್ತಾಳೆ.”

ಏಳೂವರೆಗೆ ಆ ಮಾತು ನಿಜವೇ ಆಗಿತ್ತು. ಹತ್ತು ಗಂಟೆಗೆ ನಾನು ಅದನ್ನು ಸುಳ್ಳು ಮಾಡಿದೆ. ಪಟ್ಟಿ ಬರೆಯುವಾಗ ಆ ಹನ್ನೆರಡರಲ್ಲಿ ಅವಳಿದ್ದಾಳೆಂದು ನನಗೆ ಗೊತ್ತಿರಲಿಲ್ಲವೆ ಎಂದು ತಾವು ಕೇಳಬಹುದು. ಗೊತ್ತಿತ್ತು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಹನ್ನೆರಡು ಎಂಬ ಅಂಕಿ. ಹದಿನಾರರ ಪಕ್ಕದಲ್ಲಿ ಅದು ಬಹಳ ಚೆಂದವಾಗಿ ಕಾಣುತ್ತಿತ್ತು.

ಗುರುವಾರ ಅವಳಿಗೆ ಜ್ವರ ಬಂತು. ಶನಿವಾರ ಮಧ್ಯಾಹ್ನ ಮಾತಾಡಲು ಉಸಿರು ಸಾಲದೆ, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ನಿಂತು, “ಮಾಮ, ನನ್… ಎದೆ… ಬಿಗಿ…” ಎಂದಳು. ಯಾವಾಗಲೂ ಕೇಳಿಸುತ್ತಿದ್ದ ಆ ಸದ್ದು ಕೇಳಿಸುತ್ತಿರಲಿಲ್ಲ. ಒಳ್ಳೆಯದಾಯಿತೆಂದುಕೊಂಡೆ. ಸದ್ದು ಬರಲು ಕೂಡ ಗಾಳಿ ಓಡಾಡಬೇಕಂತೆ. ಅದನ್ನು ನನಗೆ ವೈದ್ಯರು ಹೇಳಿದ್ದು ಆಸ್ಪತ್ರೆಯಲ್ಲಿ. ಸೋಂಕು ಎರಡೂ ಕಡೆಯ ಶ್ವಾಸಕೋಶಕ್ಕೆ ಇಳಿದಿತ್ತು.

ಮಕ್ಕಳ ವಾರ್ಡಿನಲ್ಲಿ ನನಗೆ ಪರಿಚಯದ ಮುಖಗಳು ಒಂದಾದ ಮೇಲೊಂದು ಕಂಡವು. ನಮ್ಮ ಶಾಲೆಯವರೇ ಏಳು ಮಕ್ಕಳು. ಅವರಲ್ಲಿ ನಾಲ್ವರು ನಾನು ಸೇರಿಸಿದ ಆ ಒಂದೇ ಕೊಠಡಿಯವರು. ಎದ್ದು “ನಮಸ್ತೇ ಸಾರ್” ಎನ್ನಲು ಹೊರಟ ಒಬ್ಬ ಹುಡುಗನನ್ನು ವಾರ್ಡಿನ ಸಿಸ್ಟರ್ ಹಿಡಿದು ಮಲಗಿಸಿದರು.

“ಏನ್ ಸಾರ್, ನಿಮ್ಮ ಸ್ಕೂಲು ಇಲ್ಲಿಗೇ ಶಿಫ್ಟ್ ಆಯ್ತಾ? ಇಲ್ಲಾದ್ರೂ ಸ್ವಲ್ಪ ದೂರ ದೂರ ಮಲಗಿಸಿದ್ದೀವಿ ನೋಡಿ” ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಆಡಿದ ಮಾತು. ಎರಡು ಹಾಸಿಗೆಗಳ ನಡುವೆ ನಾಲ್ಕು ಹೆಜ್ಜೆ ಜಾಗವಿತ್ತು.

ಮಾನ್ಯರೇ, ಇಲ್ಲಿಗೆ ನನಗೆ ಬುದ್ಧಿ ಬಂತೆಂದು ಬರೆದರೆ ಕಾಗದ ಚೆನ್ನಾಗಿ ಕಾಣುತ್ತಿತ್ತು. ಬರಲಿಲ್ಲ. ಮಾರನೆಯ ಸೋಮವಾರವೂ ನಾನೇ ಪಟ್ಟಿ ಮಾಡಿದೆ. ಬಿ ವಿಭಾಗದ ಟೀಚರ್ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

“ಸಾರ್, ನನ್ನ ಹನ್ನೆರಡರಲ್ಲಿ ಏಳು ಮಲಗಿದ್ದಾರೆ. ಐದು ಉಳಿದಿದ್ದಾರೆ. ಈ ಐದನ್ನೂ ಕೂಡಿಸ್ತೀರಾ?”

ಕೂಡಿಸಿದೆ. ನಿಲ್ಲಿಸಿದರೆ ಹಿಂದಿನ ವಾರ ಮಾಡಿದ್ದು ತಪ್ಪೆಂದು ಒಪ್ಪಿದ ಹಾಗಾಗುತ್ತಿತ್ತು. ಒಪ್ಪಲು ಧೈರ್ಯ ಬೇಕು; ಕೂಡಿಸಲು ಪೆನ್ಸಿಲ್ ಸಾಕು. ಮುಖ್ಯೋಪಾಧ್ಯಾಯಿನಿ ನನ್ನ ಮುಖ ನೋಡಲಿಲ್ಲ, ನಾನೂ ಅವರದನ್ನು ನೋಡಲಿಲ್ಲ. ಹತ್ತೂವರೆಗೆ ನಮೂನೆ ಹೋಯಿತು.

ಸೋಂಕು ಆ ಕೊಠಡಿಯಲ್ಲೇ ತಗುಲಿತೆಂಬುದಕ್ಕೆ ಪುರಾವೆ ಏನು ಎಂದು ತಮ್ಮ ಕಚೇರಿ ಕೇಳುತ್ತದೆ. ಕೇಳದಿದ್ದರೆ ಅದು ಕಚೇರಿಯೇ ಅಲ್ಲ. ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ, ಬೀದಿಯಲ್ಲಿ ಆಡುತ್ತಾರೆ, ಎಲ್ಲಿಂದಲಾದರೂ ಬಂದಿರಬಹುದು. ಇರಬಹುದು. ಗಣಿತ ಕಲಿಸುವವನಿಗೆ ಸಾಧನೆಗೂ ಸಂಶಯಕ್ಕೂ ಇರುವ ವ್ಯತ್ಯಾಸ ಗೊತ್ತು. ನಾಲ್ಕು ದಿನ ಬೇರೆ ಕೂತಾಗ ಹನ್ನೆರಡರಲ್ಲಿ ಒಬ್ಬರೂ ಇಲ್ಲ; ಒಟ್ಟಿಗೆ ಕೂತ ವಾರದಲ್ಲಿ ಏಳು. ಇದು ಪುರಾವೆಯಲ್ಲ. ಆದರೆ ಇದನ್ನು ನೋಡಿದ ಮೇಲೂ ಅರವತ್ತು ಶಾಲೆಗಳಿಗೆ ಇದನ್ನೇ ಕಲಿಸಿ ಎಂದು ಯಾರಾದರೂ ಹೇಳಿದರೆ, ಅವರ ತಲೆಯಲ್ಲಿ ಇರುವುದೇನೆಂಬುದಕ್ಕೆ ಪುರಾವೆ.

ತಮ್ಮ ಪ್ರಶಂಸಾ ಪತ್ರ ಬಂದ ಮಂಗಳವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಹೋದೆ. ತಂಗಿ ವಾರ್ಡಿನ ಹೊರಗೆ, ಉದ್ದನೆಯ ಬೆಂಚಿನ ತುದಿಯಲ್ಲಿ ಕೂತು ಮಗಳ ಸ್ವೆಟರಿನ ತೋಳು ಬಿಚ್ಚಿ ಹೊಲಿಯುತ್ತಿದ್ದಳು. ಮಗಳ ಕೈಗೆ ಡ್ರಿಪ್ಪಿನ ಸೂಜಿ ಹಾಕಿದ ಕಡೆ ತೋಳು ಬಿಗಿಯಾಗುತ್ತದಂತೆ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ತಮಾಷೆ, ಬಿಳಿ ಹಾಳೆ, ಮೊಳೆ ಹೊಡೆದ ಕಿಟಕಿ, ಎರಡನೇ ಸೋಮವಾರ. ಅವಳು ಹೊಲಿಯುವುದನ್ನು ನಿಲ್ಲಿಸಲಿಲ್ಲ.

“ನಾನು ಅವತ್ತು ಬೆಳಗ್ಗೆ ಕೇಳಿದ್ನಲ್ಲ ಅಣ್ಣ, ಫೋನಲ್ಲಿ” ಅಂದಳು.

“ಕೇಳಿದ್ದೆ.”

“ಆಮೇಲೆ ಬದಲಾಯ್ತು ಅಂತ ಒಂದು ಫೋನು ಮಾಡೋಕಾಗ್ಲಿಲ್ವಾ? ಬಂದು ಕರ್ಕೊಂಡು ಹೋಗ್ತಿದ್ದೆ. ತೋಳು ಬೇರೆ ಯಾರೋ ಹೊಲೀತಿದ್ರು.”

ಅವಳು ದಾರ ಕಡಿದಳು.

“ಹನ್ನೆರಡು ಅಂತ ಎಣಿಸ್ದೆ ಅಂದ್ಯಲ್ಲ. ನಮ್ಮದು ಎಷ್ಟನೇದಾಗಿ ಬಂತು?”

“ಏಳನೇದು.”

“ಹೂಂ” ಅಂದು ಸ್ವೆಟರು ಮಡಚಿಕೊಂಡು ಒಳಗೆ ಹೋದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ ಎನ್ನಲಾರೆ. ಔಷಧಿ ಚೀಟಿ ಕೊಡುವಾಗ ಮಾತಾಡುತ್ತಾಳೆ.

ಶಾಲೆಗಳನ್ನೆಲ್ಲ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಮುಚ್ಚಿದರೆ ನನ್ನ ತಂಗಿಯಂಥವರ ಮಕ್ಕಳು ಎಲ್ಲಿರುತ್ತಾರೆ? ಬೀಗ ಹಾಕಿದ ಮನೆಯಲ್ಲಿ ಒಬ್ಬರೇ, ಇಲ್ಲವೆ ಕೆಮ್ಮುವ ಅಜ್ಜಿಯಿರುವ ನೆರೆಮನೆಯಲ್ಲಿ. ಶಾಲೆ ತೆರೆದಿರಲಿ, ಕಿಟಕಿಯೂ ತೆರೆದಿರಲಿ. ಅರ್ಧ ಖಾಲಿಯಾದ ಕೊಠಡಿ ನಾಚಿಕೆಗೇಡಲ್ಲ, ಬಂದ ಮಕ್ಕಳಿಗೆ ಅದೇ ರಕ್ಷೆ. ಅದನ್ನು ಖಾಲಿಯಾಗಿಯೇ ಬಿಡಲು ನಮಗೆ ಅನುಮತಿ ಕೊಡಿ. ವಿಭಾಗಗಳನ್ನು ಸೇರಿಸುವುದನ್ನು ಜ್ವರದ ದಿನಗಳಲ್ಲಿ ನಿಷೇಧಿಸಿ. ಶಿಕ್ಷಕರು ಸಾಲದಿದ್ದರೆ ತಮ್ಮ ಕಚೇರಿಯಲ್ಲಿ ನಮ್ಮ ನಮೂನೆಗಳನ್ನು ಎಣಿಸುತ್ತಿರುವ ಮಾಜಿ ಶಿಕ್ಷಕರಲ್ಲಿ ನಾಲ್ಕು ಜನರನ್ನು ಕಳಿಸಿ, ಮಕ್ಕಳನ್ನು ಎಣಿಸುವುದೂ ಅವರಿಗೆ ನೆನಪಾಗಲಿ. ನಮೂನೆಯಲ್ಲಿ ಬೆಂಚಿನ ಬದಲು ಬಾರದ ಮಗುವಿನ ಹೆಸರು ಕೇಳಿ, ಜ್ವರವೋ ಅಲ್ಲವೋ ಕೇಳಿ, ಆ ಮನೆಗೆ ಯಾರು ಫೋನು ಮಾಡಿದರೆಂದು ಕೇಳಿ. ಜ್ವರಕ್ಕೆ ಮನೆಯಲ್ಲಿ ಉಳಿದ ಮಗುವಿಗೆ ಹಾಜರಿ ಕಡಿತವಿಲ್ಲವೆಂದು ಬರೆದುಕೊಡಿ. ಆಗ ತಾಯಂದಿರು ಬೆಳಗ್ಗೆ ಔಷಧಿ ಕುಡಿಸಿ ಮೈ ತಣ್ಣಗೆ ಮಾಡಿ ಕಳಿಸುವುದು ನಿಲ್ಲುತ್ತದೆ. ತರಗತಿ ಮುಚ್ಚಿದ ಮುಖ್ಯಸ್ಥರಿಂದ ಕಾರಣ ಕೇಳುವುದನ್ನು ಬಿಡಿ. ಅಷ್ಟು ಮಂದಿ ಮಲಗಿದ್ದರೂ ಮುಚ್ಚದವರಿಂದ ಕೇಳಿ. ನನ್ನಿಂದಲೇ ಶುರುಮಾಡಬಹುದು, ಲಿಖಿತವಾಗಿಯೇ ಕೊಡುತ್ತೇನೆ. ಇದೇ ಅದರ ಮೊದಲ ಪುಟವೆಂದು ತಿಳಿಯಿರಿ.

ಸೋಮವಾರದ ಸಭೆಗೆ ಬರುತ್ತೇನೆ. ಬೇಡವೆನ್ನುವುದಿದ್ದರೆ ಭಾನುವಾರದೊಳಗೆ ತಿಳಿಸಿ. ಬಂದರೆ ಬಿ ವಿಭಾಗದ ಟೀಚರನ್ನು ಕರೆದುಕೊಂಡು ಬರುತ್ತೇನೆ. ಮಾತಾಡುವವರು ಅವರು, ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಅರವತ್ತು ಮಂದಿ ನೋಡಲೆಂದು.

ನಿನ್ನೆ ವೈದ್ಯರು, ಈ ವಾರ ಹೀಗೇ ಸುಧಾರಿಸಿದರೆ ಕೊಳವೆ ತೆಗೆಯುವ ಪ್ರಯತ್ನ ಮಾಡೋಣ ಎಂದಿದ್ದಾರೆ. ‘ಸುಧಾರಿಸಿದರೆ’ ಎಂದಿದ್ದಾರೆ, ನಾನು ಅದನ್ನು ಜಾಸ್ತಿ ಮಾಡಿ ಬರೆಯುವುದಿಲ್ಲ. ಮನೆಗೆ ಬಂದ ಮೇಲೂ ಬೇಸಿಗೆಯ ತನಕ ಗುಂಪಿನಲ್ಲಿ, ಗಾಳಿಯಾಡದ ಕಡೆ ಅವಳನ್ನು ಕೂರಿಸುವಂತಿಲ್ಲವಂತೆ. ಅವರು ಹೋದ ಮೇಲೆ ತಂಗಿ ನನ್ನ ಕಡೆ ತಿರುಗಿದಳು. ಔಷಧಿ ಚೀಟಿ ಅವಳ ಕೈಯಲ್ಲಿರಲಿಲ್ಲ. “ಹಾಗಾದ್ರೆ ಶಾಲೆಯಲ್ಲಿ ಎಲ್ಲಿ ಕೂರ್ತಾಳೆ ಅಣ್ಣ?” ಎಂದು ಕೇಳಿದಳು. ನಾಳೆ ಬೆಳಗ್ಗೆ ಮತ್ತೆ ಕೇಳುತ್ತಾಳೆ. ನಮ್ಮ ಶಾಲೆಯಲ್ಲಿ ಇವತ್ತಿಗೂ ಎಂಟೇ ಕೊಠಡಿ ತೆರೆದಿವೆ. ಉಳಿದ ಆರರ ಬೀಗದ ಕೈ ತಮ್ಮ ಒಂದು ಆದೇಶಕ್ಕೆ ಕಾಯುತ್ತಿದೆ. ನಾನು ಅವಳಿಗೆ ಏನು ಹೇಳಲಿ?

ಇಂತಿ,
ತಮ್ಮ ಮೆಚ್ಚುಗೆಗೆ ಪಾತ್ರನಾಗಿ, ಒಡಹುಟ್ಟಿದವಳ ನಂಬಿಕೆ ಕಳೆದುಕೊಂಡ
ಒಬ್ಬ ಗಣಿತದ ಮೇಷ್ಟ್ರು